ಅಪ್ಪನ ಯೆಜ್ಡಿ, ನನ್ನ ಹಳಹಳಿಕೆ

2018ರ ನವೆಂಬರ್ 15ರ ಸಂಜೆ ಒಂದೇ ವಿಡಿಯೊ ನನ್ನ ಮೊಬೈಲ್‌ಗೆ ನಾಲ್ಕು ವಾಟ್ಸಾಪ್ ಗುಂಪುಗಳಿಂದ ಬಂತು. ಮಿರಿಮಿರಿ ಮಿಂಚುವ ಟ್ಯಾಂಕು, ದುಂಡನೆಯ ಹೆಡ್‌ಲೈಟು, ಹಿಂದೆ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸೈಲೆನ್ಸರ್. ಜಾವಾ ಬೈಕು ಮತ್ತೆ ಬಂದಿತ್ತು.

ನಾನು ಆಗ ಮೈಸೂರಿನಲ್ಲಿ ಬಾಡಿಗೆ ರೂಮು ಮಾಡಿಕೊಂಡು ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ವಿಡಿಯೊ ಪೂರ್ತಿ ನೋಡುವ ಮೊದಲೇ ಊರಿಗೆ ಫೋನ್ ಮಾಡಿದೆ. ಅಪ್ಪ ಹೊಗೆಸೊಪ್ಪು ಗ್ರೇಡ್ ಮಾಡುತ್ತಾ ಕೂತಿದ್ದ.

"ಅಪ್ಪಾ, ಜಾವಾ ಬಂತು!"

"ಯಾವ ಭಾವ ಬಂದ್ರು?"

"ಭಾವ ಅಲ್ಲಪ್ಪ, ಜಾವಾ. ಜಾವಾ ಬೈಕು. ನಿನ್ನ ಯೆಜ್ಡಿ ಕಂಪನಿದು. ಮತ್ತೆ ಶುರು ಮಾಡವ್ರೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೌದಾ? ನೋಡಾವ ಬಿಡು" ಅಂದ.

ಆ ಮೌನವನ್ನು ನಾನು ಆಸೆ ಅಂದುಕೊಂಡೆ. ಈ ಬರಹ ಇರುವುದು ಆ ತಪ್ಪಿನ ಬಗ್ಗೆ.

*

ಇಪ್ಪತ್ತೈದರ ಒಳಗಿನವರಿಗೆ ಈ ಬೈಕಿನ ಕತೆ ಸ್ವಲ್ಪ ಹೇಳಬೇಕು.

ಜಾವಾ ಹುಟ್ಟಿದ್ದು ಜೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕನ್ನು ತನ್ನ ಕಾರ್ಖಾನೆಯಲ್ಲಿ ಮಾಡುವ ಹಕ್ಕು ಪಡೆದ. ತನ್ನ ಹೆಸರಿನ ಮೊದಲ ಭಾಗಕ್ಕೆ ಆ ಕಂಪನಿ ಹೆಸರಿನ ಮೊದಲ ಭಾಗ ಸೇರಿಸಿ ಬೈಕಿಗೆ ಹೆಸರಿಟ್ಟ. ಅವರ ಬಾಯಲ್ಲಿ ಅದು 'ಯಾವಾ'. ಇಂಗ್ಲಿಷ್ ಅಕ್ಷರ ನೋಡಿ ಓದಿದ ನಮ್ಮ ಬಾಯಲ್ಲಿ 'ಜಾವಾ' ಆಯಿತು.

ಆ ಬೈಕನ್ನು ಮೈಸೂರಿಗೆ ತಂದವರು ಇರಾನಿ ಮನೆತನದವರು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಸೇರಿ 'ಐಡಿಯಲ್ ಜಾವಾ' ಕಂಪನಿ ಕಟ್ಟಿದರು. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1970ರ ದಶಕದಲ್ಲಿ ಜಾವಾ ಹೆಸರು ಬಿಟ್ಟು 'ಯೆಜ್ಡಿ' ಎಂಬ ಸ್ವಂತ ಹೆಸರಿನಲ್ಲಿ ಬೈಕು ಬರತೊಡಗಿತು. ಇರಾನ್ ದೇಶದ ಯಜ್ದ್ ಊರಿನ ನೆನಪಿಗೆ ಆ ಹೆಸರು ಅನ್ನುತ್ತಾರೆ. ಹೆಸರು ಬದಲಾದರೂ ನಮ್ಮ ಕಡೆಯ ಹಳಬರು ಎರಡನ್ನೂ 'ಜಾವಾ ಗಾಡಿ' ಅಂತಲೇ ಕರೆದರು.

ಅದರ ಕಿಕ್ಕರ್ ಇರುತ್ತಿದ್ದದ್ದು ಎಡಗಡೆಗೆ. ಅದು ಬೇರೆ ಕಿಕ್ಕರ್ ಕೂಡ ಅಲ್ಲ, ಗೇರಿನ ಲಿವರೇ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತಿತ್ತು. ಗಾಡಿ ಸ್ಟಾರ್ಟ್ ಆದ ಮೇಲೆ ಮತ್ತೆ ಕೆಳಕ್ಕೆ ಇಳಿಸಿದರೆ ಗೇರು. ಗೊತ್ತಿಲ್ಲದವನು ಗಾಡಿ ಕದ್ದರೂ ಸ್ಟಾರ್ಟ್ ಮಾಡಲಾರ ಎಂದು ಊರಲ್ಲಿ ನಗೆಯಾಡುತ್ತಿದ್ದರು. ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಎಂಜಿನ್ನಿಗೆ ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಎರಡರಲ್ಲೂ ನೀಲಿ ಹೊಗೆ. ಆ ಸದ್ದು ಅರ್ಧ ಮೈಲಿ ದೂರದಿಂದಲೇ ಗೊತ್ತಾಗುತ್ತಿತ್ತು. ನಮ್ಮನೆ ನಾಯಿ ಅಪ್ಪನ ಗಾಡಿ ಕೆರೆ ಏರಿ ಮೇಲೆ ಬರುವಾಗಲೇ ಎದ್ದು ಬಾಲ ಅಲ್ಲಾಡಿಸುತ್ತಿತ್ತು.

ನಮ್ಮದು ಹುಣಸೂರು ತಾಲ್ಲೂಕಿನ ಹೊಗೆಸೊಪ್ಪಿನ ಸೀಮೆ. ಅಪ್ಪ 1988ರಲ್ಲಿ ಸೊಪ್ಪು ಮಾರಿ ಬಂದ ದುಡ್ಡಲ್ಲಿ ಏಳು ಸಾವಿರ ಕೊಟ್ಟು ಒಂದು ಹಳೆಯ ಯೆಜ್ಡಿ ರೋಡ್‌ಕಿಂಗ್ ತಂದ. ಆಗ ನಮ್ಮೂರಲ್ಲಿ ಇದ್ದದ್ದು ಅದೂ ಸೇರಿ ಎರಡೇ ಬೈಕು. ಮದುವೆಗೆ ಹೆಣ್ಣು ನೋಡಲು ಹೋಗುವವರು ಅಪ್ಪನನ್ನೂ ಗಾಡಿಯನ್ನೂ ಒಟ್ಟಿಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಹುಟ್ಟಿದ್ದು 1990ರಲ್ಲಿ. ಕಾಲು ನೆಲಕ್ಕೆ ಎಟುಕದ ವಯಸ್ಸಿನಿಂದ ನನ್ನ ಜಾಗ ಪೆಟ್ರೋಲ್ ಟ್ಯಾಂಕಿನ ಮೇಲೆ. ತೊಡೆ ಕೆಳಗೆ ಬಿಸಿ ಟ್ಯಾಂಕು, ಬೆನ್ನ ಹಿಂದೆ ಅಪ್ಪನ ಎದೆ, ಎದುರಿಗೆ ಗಾಳಿ. ನನಗೆ ಬಾಲ್ಯ ಅಂದರೆ ಇಷ್ಟೇ.

*

ಆ ಗಾಡಿ ಯಾಕೆ ಹೋಯಿತು ಅನ್ನುವುದೂ ಗುಟ್ಟಲ್ಲ. 1980ರ ದಶಕದ ನಡುವಿನಲ್ಲಿ ಜಪಾನ್ ಕಂಪನಿಗಳ ಜೊತೆಗೂಡಿ ಮಾಡಿದ 100 ಸಿಸಿ ಬೈಕುಗಳು ಬಂದವು. ಹೀರೊ ಹೋಂಡಾ, ಸುಜುಕಿ, ಯಮಹಾ, ಕವಾಸಾಕಿ. ಹಗುರ ಗಾಡಿ, ಕಡಿಮೆ ಪೆಟ್ರೋಲು. ಹಾಲು ಹಾಕಲು, ಸಂತೆಗೆ ಹೋಗಲು 250 ಸಿಸಿ ಗಾಡಿಯನ್ನು ಯಾರು ಸಾಕುತ್ತಾರೆ? ಮೇಲೆ ಹೊಗೆಯ ನಿಯಮಗಳು ಬಿಗಿಯಾಗುತ್ತಾ ಬಂದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. 'ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ' ಎಂದು ಜಾಹೀರಾತು ಕೊಟ್ಟುಕೊಂಡು ಬಂದಿದ್ದ ಕಂಪನಿ ನಡೆದದ್ದು ಮೂವತ್ತೈದು ವರ್ಷ.

ನಮ್ಮನೆಯ ರೋಡ್‌ಕಿಂಗ್ 2004ರವರೆಗೆ ಇತ್ತು. ಕೊನೆಗೆ ಗುಜರಿಯವನು ಬಂದು ಎರಡು ಸಾವಿರದ ಇನ್ನೂರು ಕೊಟ್ಟು ಲಗೇಜ್ ಆಟೊಗೆ ಹಾಕಿಕೊಂಡು ಹೋದ. ನಾನು ಆಗ ಒಂಬತ್ತನೇ ಕ್ಲಾಸು. ಆಟೊ ಹಿಂದೆ ಕೆರೆ ಏರಿಯವರೆಗೆ ಓಡಿದ್ದೆ. ಅಪ್ಪ ಮನೆಯಿಂದ ಆಚೆಗೇ ಬರಲಿಲ್ಲ. ಪಾಪ, ನೋಡಲಾರದೆ ಒಳಗೆ ಕೂತಿದ್ದಾನೆ ಅಂದುಕೊಂಡಿದ್ದೆ.

ಇವತ್ತು ಒಳ್ಳೆ ಸ್ಥಿತಿಯಲ್ಲಿರುವ ರೋಡ್‌ಕಿಂಗ್‌ಗೆ ಲಕ್ಷದ ಮೇಲೆ ಕೇಳುತ್ತಾರೆ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ ದಿನ ಅಂತ ಮಾಡಿ ಬೆಂಗಳೂರು, ಮೈಸೂರುಗಳಲ್ಲಿ ಹಳೆ ಗಾಡಿಗಳವರು ಸೇರುತ್ತಾರೆ. ಒಮ್ಮೆ ವರದಿ ಮಾಡಲು ಹೋಗಿ, ಆ ನೀಲಿ ಹೊಗೆಯ ನಡುವೆ ನಿಂತು ಮೂಗಿನ ತುಂಬ ವಾಸನೆ ಎಳೆದುಕೊಂಡು, ಬರೆಯಬೇಕಾದದ್ದನ್ನೇ ಮರೆತು ಬಂದಿದ್ದೇನೆ.

*

ಹೊಸ ಜಾವಾ ಬಂದಾಗ ಅದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ತಂದದ್ದು ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ. ಅದರಲ್ಲಿ ದೊಡ್ಡ ಪಾಲು ಮಹೀಂದ್ರದ್ದು. ಜೊತೆಗೆ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರೂ ಇದ್ದರು. ಎಂಜಿನ್ 293 ಸಿಸಿ, ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವಂಥದ್ದು. ಗಾಡಿ ತಯಾರಾಗುತ್ತಿದ್ದದ್ದು ಮೈಸೂರಿನಲ್ಲಿ ಅಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕಾಗಿಲ್ಲ, ನೀಲಿ ಹೊಗೆ ಇಲ್ಲ. ಸೈಲೆನ್ಸರ್ ಮಾತ್ರ ಎರಡು. ಒಂದು ಸಿಲಿಂಡರಿಗೆ ಒಂದು ಸಾಕು. ಆದರೂ ಎರಡನ್ನು ಉಳಿಸಿಕೊಂಡಿದ್ದರು, ನಮ್ಮಂಥವರ ಸಲುವಾಗಿ.

ಹಾಗೆ ಓದುತ್ತಾ ಹೋದಾಗ ಇದು ಇಲ್ಲಿನ ಕತೆ ಮಾತ್ರ ಅಲ್ಲ ಅನ್ನುವುದು ತಿಳಿಯಿತು. ಸ್ಕೇಟ್‌ಬೋರ್ಡ್ ನೀವು ರೀಲ್ಸ್‌ನಲ್ಲಿ ನೋಡಿರುತ್ತೀರಿ. ನಾಲ್ಕು ಪುಟಾಣಿ ಚಕ್ರದ ಹಲಗೆ. ಅದರ ಮೇಲೆ ನಿಂತು ಹುಡುಗರು ಜಾರುತ್ತಾರೆ, ಹಾರುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜಾರ್ಜ್ ಪೊವೆಲ್ ಮತ್ತು ಸ್ಟೇಸಿ ಪೆರಾಲ್ಟಾ ಸೇರಿ ಪೊವೆಲ್ ಪೆರಾಲ್ಟಾ ಎಂಬ ಬೋರ್ಡ್ ಕಂಪನಿ ಮಾಡಿದರು. ಅವರ ತಂಡದಲ್ಲಿ ಟೋನಿ ಹಾಕ್‌ನಂಥ ಹುಡುಗರಿದ್ದರು. 1980ರ ದಶಕದಲ್ಲಿ ಆ ಹಲಗೆಯ ಮೇಲಿನ ತಲೆಬುರುಡೆಯ ಚಿತ್ರ ಕಂಡರೆ ಅಲ್ಲಿನ ಮಕ್ಕಳಿಗೆ ಹುಚ್ಚು. 1990ರ ದಶಕದ ಶುರುವಿನಲ್ಲಿ ವ್ಯಾಪಾರ ಬಿತ್ತು, ಪೆರಾಲ್ಟಾ ಕಂಪನಿ ಬಿಟ್ಟರು, ಜೋಡಿ ಹೆಸರು ಅಳಿಯಿತು. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಅದೇ ಹೆಸರು ಮತ್ತೆ ಬಂತು. ಅದೇ ಆಕಾರ, ಅದೇ ಬುರುಡೆ ಚಿತ್ರದ ಹಲಗೆಗಳನ್ನು ಮತ್ತೆ ಅಚ್ಚು ಹಾಕಿ ಮಾರತೊಡಗಿದರು. ಓಹಿಯೋದಲ್ಲಿ 1990ರಲ್ಲಿ ಶುರುವಾದ ಏಲಿಯನ್ ವರ್ಕ್‌ಶಾಪ್ ಎಂಬ ಇನ್ನೊಂದು ಕಂಪನಿ 2014ರಲ್ಲಿ ಮುಚ್ಚಿ ಮರುವರ್ಷವೇ ಮರಳಿತು.

ಹಳೆ ಚಿತ್ರದ ಆ ಹಲಗೆಗಳನ್ನು ಕೊಳ್ಳುವವರಲ್ಲಿ ಬಹಳ ಮಂದಿ ಹದಿನಾಲ್ಕರ ಹುಡುಗರಲ್ಲ, ನಲವತ್ತು ಐವತ್ತು ದಾಟಿದ ಅಪ್ಪಂದಿರು. ಚಿಕ್ಕವರಿದ್ದಾಗ ಮುರಿದು ಹೋದದ್ದನ್ನೋ, ಮನೆಯವರು ಕೊಡಿಸದೆ ಇದ್ದದ್ದನ್ನೋ ಈಗ ಸ್ವಂತ ದುಡ್ಡಲ್ಲಿ ಕೊಂಡು ತರುತ್ತಾರೆ. ತಂದ ಮೇಲೆ ಎಷ್ಟೋ ಮಂದಿ ಅದಕ್ಕೆ ಚಕ್ರವನ್ನೇ ಹಾಕಿಸುವುದಿಲ್ಲ. ಗೋಡೆಗೆ ಮೊಳೆ ಹೊಡೆದು ನೇತು ಹಾಕುತ್ತಾರೆ.

ಅಲ್ಲಿ ಹಲಗೆ ಥೇಟ್ ಹಳೆಯದರ ಹಾಗೇ ಬಂತು, ಓಡುವುದನ್ನು ಬಿಟ್ಟಿತು. ಇಲ್ಲಿ ಗಾಡಿ ಓಡುತ್ತದೆ, ಒಳಗಿನದೆಲ್ಲ ಬೇರೆಯದು. ಎರಡು ಕಡೆಯೂ ಹಳೆಯದರಿಂದ ಸರಿಯಾಗಿ ಉಳಿದು ಬಂದದ್ದು ಹೆಸರು ಮತ್ತು ಮೇಲಿನ ರೂಪ. ಕೊಳ್ಳುವವನಿಗೆ ಅಷ್ಟು ಸಾಕು ಅನ್ನುವುದು ಮಾರುವವನಿಗೆ ಗೊತ್ತು. ಹತ್ತರಿಂದ ಮೂವತ್ತರ ವಯಸ್ಸಿನೊಳಗಿನ ನೆನಪುಗಳೇ ಮನುಷ್ಯನ ತಲೆಯಲ್ಲಿ ಹೆಚ್ಚು ಗಟ್ಟಿಯಾಗಿ ಕೂರುತ್ತವೆ ಎಂದು ಮನಃಶಾಸ್ತ್ರ ಓದಿದವರು ಹೇಳುತ್ತಾರೆ. ಆ ನೆನಪಿನವರ ಕೈಯಲ್ಲಿ ದುಡ್ಡು ಓಡಾಡುವ ಹೊತ್ತಿಗೆ ಆ ಹೆಸರನ್ನು ಅವರ ಮುಂದೆ ತಂದಿಟ್ಟರೆ ಆಯಿತು.

ನಾಸ್ಟಾಲ್ಜಿಯಾ ಎಂಬ ಪದ ಹುಟ್ಟಿದ್ದೇ ಕಾಯಿಲೆಯ ಹೆಸರಾಗಿ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಊರು ಬಿಟ್ಟು ಬಂದವರನ್ನು ಹಾಸಿಗೆ ಹಿಡಿಸುವ ನೋವಿಗೆ ಆ ಹೆಸರಿಟ್ಟ. ಕನ್ನಡದಲ್ಲಿ ನಾವು ಹಳಹಳಿಕೆ ಅನ್ನುತ್ತೇವೆ. ಇಷ್ಟೆಲ್ಲ ಓದಿ ತಿಳಿದೂ ನನಗೆ ಆ ಕಾಯಿಲೆ ಹಿಡಿಯಿತು.

*

2019ರ ಕೊನೆಗೆ ಹರಾಜು ಕಟ್ಟೆಯಿಂದ ಸೊಪ್ಪಿನ ದುಡ್ಡು ಬಂತು. ನಾನು ಊರಿಗೆ ಹೋಗಿ ಊಟಕ್ಕೆ ಕೂತಾಗ ಮಾತು ತೆಗೆದೆ. ಅರ್ಧ ದುಡ್ಡು ನನ್ನದು, ಅರ್ಧ ಅಪ್ಪನದು, ಜಾವಾ ತರೋಣ. ಬಿಡುಗಡೆಯಾದಾಗಲೇ ಅದರ ಶೋರೂಮ್ ಬೆಲೆ 1.64 ಲಕ್ಷ. ರಸ್ತೆಗಿಳಿಯುವ ಹೊತ್ತಿಗೆ ಎರಡರ ಹತ್ತಿರ.

ಅವ್ವ ಮುದ್ದೆ ಬಡಿಸುತ್ತಾ ಬೆರಳು ಮಡಿಸಿದಳು. "ಬ್ಯಾರನ್ನು ಶೀಟು ತೂತು ಬಿದ್ದವೆ. ನಿನ್ನ ತಂಗಿ ಎಂ.ಎಸ್ಸಿ. ಕೊನೆ ವರ್ಸದ ಫೀಸು. ಸೊಸೈಟಿ ಸಾಲ. ಇನ್ನೊಂದು ಬೆರಳದೆ, ಅದ್ಕೆ ನಿನ್ನ ಜಾವಾ ಹಾಕ್ಕೊ."

"ಅವ್ವಾ, ಅಪ್ಪನಿಗೆ ಆ ಗಾಡಿ ಅಂದ್ರೆ ಎಷ್ಟು ಇಷ್ಟ ಅಂತ ನಿನಗೆ ಗೊತ್ತಿಲ್ವಾ?"

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ತಟ್ಟೆ ನೋಡಿದ. "ಒಂದ್ಸಲ ನೋಡ್ಕೊಂಡು ಬರಾವ. ನೋಡಕ್ಕೇನು ಕಾಸಾ?" ಅಂದ.

ಮಾರನೇ ದಿನ ಬಸ್ಸು ಹತ್ತಿ ಮೈಸೂರಿಗೆ ಹೋದೆವು. ಅಪ್ಪ ಬಿಳಿ ಷರಟು ಹಾಕಿದ್ದ. ಶೋರೂಮಿನ ಹುಡುಗ ಬಲು ಮರ್ಯಾದೆಯಿಂದ ಮಾತಾಡಿಸಿದ. ಅಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದ. ಟ್ಯಾಂಕು ಸವರಿದ. ಆಮೇಲೆ ಹ್ಯಾಂಡಲ್ ಹಿಡಿದು ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, ಕಿವಿಯನ್ನು ಟ್ಯಾಂಕಿನ ಹತ್ತಿರ ತಂದ.

"ಸರ್, ಪೆಟ್ರೋಲ್ ನೋಡೋದಕ್ಕೆ ಇದರಲ್ಲಿ ಮೀಟರ್ ಇದೆ" ಎಂದು ಹುಡುಗ ನಕ್ಕ. ನಾನೂ ನಕ್ಕೆ. ಯಾಕೆಂದರೆ ಇದು ನನಗೆ ಗೊತ್ತಿದ್ದ ಚಾಳಿ. ಮನೆಯಲ್ಲಿರುವ ಟಿವಿಎಸ್ ಎಕ್ಸೆಲ್ ಅನ್ನೂ ಅಪ್ಪ ದಿನಾ ರಾತ್ರಿ ಮಲಗುವ ಮೊದಲು ಜಗಲಿಗೆ ಬಂದು ಹೀಗೇ ಅಲ್ಲಾಡಿಸಿ, ಒಳಗೆ ಪೆಟ್ರೋಲು ಗುಳುಗುಳು ಅನ್ನುವುದನ್ನು ಕೇಳಿಸಿಕೊಂಡು, ಆಮೇಲೆ ಬಾಗಿಲು ಹಾಕುತ್ತಾನೆ.

ಟೆಸ್ಟ್ ರೈಡ್ ಕೊಟ್ಟರು. ಅಪ್ಪ ಮುಂದೆ, ನಾನು ಹಿಂದೆ. ಕೂತ ಕೂಡಲೇ ಅವನ ಎಡಗಾಲು ಗೇರಿನ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಲು ಹೋಯಿತು. ಹುಡುಗ ಬಲಗೈಯ ಗುಂಡಿ ತೋರಿಸಿದ. ಒತ್ತಿದ. ಗಾಡಿ ಹೊರಟಿತು. ಚೆನ್ನಾಗಿಯೇ ಓಡಿತು, ಸುಳ್ಳು ಹೇಳಬಾರದು. ಹಳೆಯದಕ್ಕಿಂತ ಚೆನ್ನಾಗಿ ಬ್ರೇಕು ಹಿಡಿಯುತ್ತಿತ್ತು. ನಾನು ಹಿಂದೆ ಕೂತು ಕಣ್ಣು ಮುಚ್ಚಿ, ಟ್ಯಾಂಕಿನ ಮೇಲೆ ಕೂತಿದ್ದ ಹುಡುಗ ವಾಪಸ್ ಬರುತ್ತಾನಾ ಎಂದು ನೋಡಿದೆ.

ವಾಪಸ್ ತಂದು ನಿಲ್ಲಿಸಿದ ಮೇಲೆ ಅಪ್ಪ, "ಚೆನ್ನಾಗದೆ ಕಣಪ್ಪ, ಒಳ್ಳೆ ಗಾಡಿ. ಬರ್ತೀವಿ" ಎಂದು ಹುಡುಗನ ಭುಜ ತಟ್ಟಿದ.

*

ಹುಣಸೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಅಪ್ಪ, ಈ ಕಡೆ ನಾನು. ಬುಕ್ ಮಾಡಿ ಬಿಡೋಣವಾ ಎಂದು ಕೇಳಿದೆ. ಅಪ್ಪ ಮಾತಾಡಲಿಲ್ಲ. ನಾನೇ ಮುಂದುವರಿಸಿದೆ.

"ಆ ದಸರಾ ನೆನಪದಾ ಅಪ್ಪ? ನಾವೆಲ್ಲ ಒಂದೇ ಗಾಡೀಲಿ ಬಂದಿದ್ದು?"

ಅದು 1996. ನನಗೆ ಆರು ವರ್ಷ. ಟ್ಯಾಂಕಿನ ಮೇಲೆ ನಾನು, ಅಪ್ಪ, ಹಿಂದೆ ಅವ್ವ, ಅವಳ ಮಡಿಲಲ್ಲಿ ಮೂರು ತಿಂಗಳ ತಂಗಿ. ಹಸು ಕರು ಹಾಕುವ ಹಾಗಿದೆ ಎಂದು ಅಜ್ಜಿ ಮನೆಯಲ್ಲೇ ಉಳಿದಿದ್ದಳು. ಜಂಬೂಸವಾರಿ ನೋಡಿದೆವು. ಅಪ್ಪನ ಹೆಗಲ ಮೇಲೆ ಕೂತು ಅಂಬಾರಿ ಕಂಡೆ. ಚುರುಮುರಿ ತಿಂದೆವು. ಕತ್ತಲಾದ ಮೇಲೆ ಅರಮನೆಯ ದೀಪ ಹತ್ತಿತು. ಹೊರಡುವಾಗ ನಾನು, "ನಮ್ಮ ಗಾಡಿ ಹುಟ್ಟಿದ ಮನೆ ಎಲ್ಲದೆ?" ಎಂದು ಹಟ ಹಿಡಿದೆನಂತೆ. ಅಪ್ಪ ಯಾದವಗಿರಿಗೆ ಸುತ್ತು ಹಾಕಿ ಕಾರ್ಖಾನೆಯ ಗೇಟು ತೋರಿಸಿದ. ಅಲ್ಲಿ ದೀಪ ಇರಲಿಲ್ಲ. ವಾಪಸ್ ಬರುವಾಗ ತಣ್ಣನೆ ಗಾಳಿಗೆ ಟ್ಯಾಂಕಿನ ಮೇಲೇ ನಿದ್ದೆ ಹೋದೆ. ನನ್ನ ಜೀವಮಾನದ ಅತಿ ಒಳ್ಳೆಯ ದಿನ ಯಾವುದು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಾನು ಹೇಳುವುದು ಆ ದಿನ.

"ನೆನಪದೆ" ಅಂದ ಅಪ್ಪ. "ರಾತ್ರಿ ನೀನು ಮಲಗಿದ್ದೆ."

ಇಲವಾಲ ದಾಟುವವರೆಗೆ ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ ಹೇಳಿದ.

ಹುಣಸೂರಿಗೆ ಬರುವಾಗಲೇ ಗಾಡಿ ರಿಸರ್ವ್‌ಗೆ ಬಿದ್ದಿತ್ತು. ಜೇಬಿನಲ್ಲಿ ಹನ್ನೊಂದು ರೂಪಾಯಿ. ಬಂಕಿನ ಮುಂದೆ ನಿಧಾನ ಮಾಡಿ, ಹಬ್ಬ ಮುಗಿದ ಮೇಲೆ ಹಾಕಿಸಿದರಾಯಿತು ಎಂದು ಮುಂದೆ ಬಂದ. ಗಾಡಿ ಅಂಗಳಕ್ಕೆ ಬಂದು ತಾನಾಗಿಯೇ ನಿಂತಿತು. ನಡುರಾತ್ರಿ ಎರಡು ಗಂಟೆಗೆ ಅಜ್ಜಿ ಎದೆ ಹಿಡಿದುಕೊಂಡು ಕೂತಳು. ಬೆವರು. ಮಾತು ಬರುತ್ತಿಲ್ಲ. ಅಪ್ಪ ಗಾಡಿಗೆ ಕಿಕ್ ಹೊಡೆದ. ಗಾಡಿಯನ್ನು ನೆಲಕ್ಕೆ ಒರಗಿಸಿ ಎತ್ತಿ ಹೊಡೆದ. ಟ್ಯಾಂಕಿಗೆ ಬಾಯಿ ಇಟ್ಟು ಊದಿ ಹೊಡೆದ. ಒಂದು ತೊಟ್ಟು ಇರಲಿಲ್ಲ. ಬಾಟಲಿಯಲ್ಲಿ ಪೆಟ್ರೋಲ್ ಮಾರುವ ಅಂಗಡಿಯವನ ಮನೆಗೆ ಓಡಿದರೆ ಅವನೂ ದಸರಾ ನೋಡಲು ಹೋದವನು ಬಂದಿರಲಿಲ್ಲ. ಊರಿನ ಇನ್ನೊಂದು ಬೈಕೂ ಅವತ್ತು ಇರಲಿಲ್ಲ.

ಸೈಕಲ್ ಹತ್ತಿ ಆರು ಕಿಲೊಮೀಟರ್ ತುಳಿದು ಹೋಬಳಿಗೆ ಹೋದ. ಮೆಕ್ಯಾನಿಕ್ ಭಾಯಿ ಮನೆ ಬಾಗಿಲು ಬಡಿದ. ಭಾಯಿ ಲುಂಗಿಯಲ್ಲೇ ಎದ್ದು ಬಂದು, ರಿಪೇರಿಗೆ ಬಂದಿದ್ದ ಯಾರದ್ದೋ ಗಾಡಿಯ ಪೈಪು ಕಿತ್ತು ಒಂದು ಬಾಟಲಿ ಪೆಟ್ರೋಲು ಇಳಿಸಿ, ಆಯಿಲ್ ಬೆರೆಸಿ, ತಮ್ಮ ಮೊಪೆಡ್‌ನಲ್ಲಿ ಅಪ್ಪನನ್ನು ಕೂರಿಸಿಕೊಂಡು ಬಂದರು. ಬರುವ ಹೊತ್ತಿಗೆ ನಾಲ್ಕು ಗಂಟೆ. ಅವ್ವ ಅಂಗಳದಲ್ಲಿ ನಿಂತಿದ್ದಳು. ಅವಳು ನಿಂತಿದ್ದ ರೀತಿಯಲ್ಲೇ ಗೊತ್ತಾಯಿತಂತೆ.

"ಅವತ್ತು ಯಾದವಗಿರಿ ಸುತ್ತು ಹೊಡೀದಿದ್ರೆ ಒಂದೀಟು ಉಳೀತಿತ್ತು" ಅಂದ ಅಪ್ಪ. ತಕ್ಷಣ ನನ್ನ ತೊಡೆಯ ಮೇಲೆ ಕೈ ಇಟ್ಟು, "ನಿನ್ನಿಂದ ಅಂತ ಅಲ್ಲ ಮಗ. ಹನ್ನೊಂದು ರೂಪಾಯಿಗೆ ಬಂಕಲ್ಲಿ ನಿಲ್ಲಿಸಬೋದಿತ್ತು ನಾನು. ಹಬ್ಬದ ದಿನ ಬಂಕಿನ ಹುಡುಗನ ಮುಂದೆ ಹನ್ನೊಂದು ರೂಪಾಯಿ ಎಣಿಸೋಕೆ ನಾಚಿಕೆ ಆಯ್ತು" ಅಂದ.

ಅಜ್ಜಿ ದಸರೆಯ ಹೊತ್ತಿಗೆ ಹೋದಳು ಎಂದು ನನಗೆ ಗೊತ್ತಿತ್ತು. ಅಂಬಾರಿ ಕಂಡದ್ದೂ ಗೊತ್ತಿತ್ತು. ಎರಡೂ ಒಂದೇ ದಿನ ರಾತ್ರಿಯ ಆ ಕಡೆ ಈ ಕಡೆ ಅನ್ನುವುದು ಇಪ್ಪತ್ತಮೂರು ವರ್ಷ ನನ್ನ ತಲೆಯಲ್ಲಿ ಕೂಡಿಯೇ ಇರಲಿಲ್ಲ. ಮಗುವಾಗಿದ್ದಾಗ ನಿದ್ದೆ ಎಲ್ಲಿ ಬಂತೋ ಅಲ್ಲಿಗೇ ನನ್ನ ನೆನಪು ಮುಗಿದಿತ್ತು. ಅಪ್ಪನದು ಅಲ್ಲಿಂದ ಶುರುವಾಗುತ್ತಿತ್ತು.

"ಮತ್ತೆ ಶೋರೂಮ್‌ಗೆ ಯಾಕೆ ಬಂದೆ ಅಪ್ಪ?"

"ನೀನು ಆಸೆ ಪಟ್ಯಲ್ಲ ಅದ್ಕೆ."

*

ಗಾಡಿ ತರಲಿಲ್ಲ. ಬ್ಯಾರನ್ನಿಗೆ ಶೀಟು ಹಾಕಿಸಿದೆವು, ತಂಗಿಯ ಫೀಸು ಕಟ್ಟಿದೆವು.

ಮುಂದಿನ ವಾರ ಅಪ್ಪನನ್ನು ಎಕ್ಸೆಲ್ ಮೇಲೆ ಕೂರಿಸಿಕೊಂಡು ಹೋಬಳಿಗೆ ಹೋದೆ. ಭಾಯಿಗೆ ವಯಸ್ಸಾಗಿದೆ, ಕೈ ನಡುಗುತ್ತದೆ. ಷೆಡ್ ಇದ್ದ ಜಾಗದಲ್ಲಿ ಮಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅಪ್ಪ ಮತ್ತು ಭಾಯಿ ಒಂದು ಗಂಟೆ ಮಾತಾಡಿದರು. ಮಳೆ, ಸಕ್ಕರೆ ಕಾಯಿಲೆ, ಮೊಮ್ಮಕ್ಕಳು. ಆ ರಾತ್ರಿಯ ಮಾತು ಬರಲಿಲ್ಲ. ಅವತ್ತಿನ ಪೆಟ್ರೋಲಿನ ದುಡ್ಡನ್ನು ಭಾಯಿ ಕೊನೆಗೂ ತೆಗೆದುಕೊಳ್ಳಲಿಲ್ಲ ಎಂದು ಅಪ್ಪ ಬಸ್ಸಿನಲ್ಲಿ ಹೇಳಿದ್ದ. ಆಮೇಲೆ ಗಾಡಿ ರಿಪೇರಿಗೆ ಬಿಟ್ಟಾಗಲೆಲ್ಲ ಭಾಯಿ ಬಾಯಿ ಬಿಟ್ಟು ಏನೂ ಹೇಳದೆ, ವಾಪಸ್ ಕೊಡುವ ಮೊದಲು ಒಮ್ಮೆ ಟ್ಯಾಂಕು ಅಲ್ಲಾಡಿಸಿ ನೋಡುತ್ತಿದ್ದರಂತೆ. ಅಪ್ಪನ ಚಾಳಿ ಬಂದದ್ದು ಅಲ್ಲಿಂದ.

ಹೊರಡುವಾಗ ಹೊಸ ಜಾವಾದ ವಿಡಿಯೊ ತೋರಿಸಿದೆ. ಭಾಯಿ ಕಣ್ಣು ಕಿರಿದು ಮಾಡಿ ನೋಡಿದರು. "ಡಬಲ್ ಸೈಲೆನ್ಸರ್ ಇದೆ. ಹೊಗೆ ಎಲ್ಲಿ ಸ್ವಾಮಿ?" ಎಂದು ನಕ್ಕರು. ಮೇಲಿನ ಹಲಗೆಯಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆಸಿದರು. ಒಳಗೆ ಹಳೆ ಪ್ಲಗ್ಗು, ಪಾಯಿಂಟು, ಕ್ಲಚ್ ಕೇಬಲ್ಲಿನ ತುಂಡು. ಯಾರಿಗೂ ಬೇಡದ ಸಾಮಾನು. ಎಸೆದಿಲ್ಲ ಅಷ್ಟೆ.

2022ರ ಜನವರಿಯಲ್ಲಿ ಯೆಜ್ಡಿ ಹೆಸರೂ ಮಾರುಕಟ್ಟೆಗೆ ಮರಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ಹೆಸರು ಯಾರದು ಅನ್ನುವ ಬಗ್ಗೆ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠದ ತೀರ್ಪು ಬಂತು. ಹೆಸರು ಮುಚ್ಚಿಹೋದ ಹಳೆ ಕಂಪನಿಯ ಆಸ್ತಿ, ಅದನ್ನು ನೋಡಿಕೊಳ್ಳುವ ಅಧಿಕಾರ ಲಿಕ್ವಿಡೇಟರ್‌ದು ಎಂದಿತು ಪೀಠ. ಹೊಸಬರು ಮೇಲ್ಮನವಿ ಹೋದರು, ಆದೇಶಕ್ಕೆ ತಡೆ ಸಿಕ್ಕಿತು, ಗಾಡಿಗಳ ಮಾರಾಟ ನಿಲ್ಲಲಿಲ್ಲ. ಆ ಸುದ್ದಿ ಓದುವಾಗ ನನಗೆ ಅನ್ನಿಸಿದ್ದು ಇಷ್ಟು. ಜಾಗ, ಯಂತ್ರಗಳ ಹಾಗೆ ಹೆಸರೂ ಒಂದು ಆಸ್ತಿ. ಅದನ್ನು ಕೊಳ್ಳಬಹುದು, ಮಾರಬಹುದು, ಕೋರ್ಟಿನಲ್ಲಿ ಕೇಳಬಹುದು. ಆದರೆ ಆ ಹೆಸರಿಗೆ ನಾವು ಅಂಟಿಸಿಕೊಂಡಿರುವುದು ಭಾಯಿಯ ಬಾಟಲಿಯಂಥ ಸಂಗತಿಗಳನ್ನು. ಅವು ಯಾವ ಶೋರೂಮಿನಲ್ಲೂ ಇಲ್ಲ. ಅವನ್ನು ಹುಡುಕಿಕೊಂಡು ಶೋರೂಮಿಗೆ ಹೋದದ್ದು ನನ್ನ ತಪ್ಪು, ಬೈಕು ಮಾಡಿದವರದ್ದಲ್ಲ.

ನನ್ನ ಕಾಯಿಲೆ ಪೂರ್ತಿ ವಾಸಿಯಾಗಿಲ್ಲ. ಹಳೆ ಯೆಜ್ಡಿ ಸದ್ದು ಕೇಳಿದರೆ ಈಗಲೂ ರಸ್ತೆ ಬದಿ ನಿಲ್ಲುತ್ತೇನೆ. ಗಾಳಿ, ಬಿಸಿ ಟ್ಯಾಂಕು, ಅರಮನೆ ದೀಪ ಎಲ್ಲ ಬರುತ್ತವೆ. ಅವುಗಳ ಹಿಂದೆಯೇ, ಕತ್ತಲಲ್ಲಿ ಗಾಡಿ ಒರಗಿಸಿ ಟ್ಯಾಂಕಿಗೆ ಬಾಯಿ ಇಟ್ಟು ಊದುತ್ತಿರುವ ಒಬ್ಬ ಮೂವತ್ತು ವರ್ಷದ ಗಂಡಸೂ ಬರುತ್ತಾನೆ. ಅವನನ್ನು ಬಿಟ್ಟು ನೆನಪು ಮಾಡಿಕೊಳ್ಳುವುದು ಈಗ ಆಗುವುದಿಲ್ಲ, ಆಗುವುದೂ ಬೇಡ.

ಪ್ರತಿ ವರ್ಷ ಆಯುಧಪೂಜೆಯ ದಿನ ಬೆಳಗ್ಗೆ ಅಪ್ಪ ಫೋನ್ ಮಾಡುತ್ತಾನೆ. ಗಾಡಿ ತೊಳೆದ್ಯಾ, ಪೂಜೆ ಮಾಡಿದ್ಯಾ, ನಿಂಬೆಹಣ್ಣು ಇಟ್ಟ್ಯಾ ಎಂದು ಯಾವತ್ತೂ ಕೇಳಿಲ್ಲ. ಮೊದಲೆಲ್ಲ ನನಗೆ ಸಿಡುಕು ಬರುತ್ತಿತ್ತು. ಈಗ ಫೋನ್ ಬರುವ ಮೊದಲೇ ಬಂಕಿಗೆ ಹೋಗಿ ಬಂದಿರುತ್ತೇನೆ.

"ಟ್ಯಾಂಕ್ ತುಂಬ್ಸಿದ್ಯಾ?"

"ತುಂಬ್ಸಿದೀನಿ ಅಪ್ಪ."